ಕಾಡಿನ ಚಿತ್ರ ಕಾಡಿನ ಕೆಲಸಕ್ಕೆ ಬರುವುದು ಯಾವಾಗ?

ಬೆಂಗಳೂರಿನ ಹೊರವಲಯದಲ್ಲೋ ಮೈಸೂರಿನ ಬಡಾವಣೆಯಲ್ಲೋ ಚಿರತೆ ಕಂಡಿತೆಂಬ ಸುದ್ದಿ ಹಬ್ಬಿದರೆ ಸಾಕು, ಅರ್ಧ ಗಂಟೆಯೊಳಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದರ ಫೋಟೊ, ವಿಡಿಯೊಗಳು ಓಡಾಡತೊಡಗುತ್ತವೆ. ಎಷ್ಟೋ ಸಲ ಅವು ಬೇರೆ ಊರಿನವು, ಬೇರೆ ವರ್ಷದವು. ಆದರೂ ಅರಣ್ಯ ಸಿಬ್ಬಂದಿ ರಾತ್ರಿಯಿಡೀ ಸುತ್ತಬೇಕಾಗುತ್ತದೆ, ಬೋನು ಇಡಿ ಎಂಬ ಒತ್ತಡ ಏಳುತ್ತದೆ, ತನ್ನ ಪಾಡಿಗೆ ಓಡಾಡಿಕೊಂಡಿದ್ದ ಯಾವುದೋ ಚಿರತೆ ಬೋನಿಗೆ ಬೀಳುತ್ತದೆ. ಇನ್ನೊಂದು ಕಡೆ, ಯಾರೂ ಗುಂಡಿ ಒತ್ತದೆ ತಾನಾಗಿ ಬಿದ್ದ ಚಿತ್ರವೊಂದು, ಬಂಡೀಪುರದ ಹುಲಿ ಶಿವಮೊಗ್ಗ ಜಿಲ್ಲೆಯವರೆಗೆ ನಡೆದುಹೋದದ್ದನ್ನು ರುಜುವಾತು ಮಾಡುತ್ತದೆ.

ಇವೆರಡರ ನಡುವಿನ ವ್ಯತ್ಯಾಸ ಕ್ಯಾಮೆರಾದ ಬೆಲೆಯಲ್ಲಿ ಇಲ್ಲ, ಚಿತ್ರದ ಅಂದದಲ್ಲೂ ಇಲ್ಲ. ಚಿತ್ರದ ಜೊತೆ ಏನೇನು ಮಾಹಿತಿ ಬಂತು, ಅದು ಯಾರ ಕೈಗೆ ತಲುಪಿತು ಎಂಬುದರಲ್ಲಿ ಇದೆ. ಇವತ್ತು ಹೆಚ್ಚುಕಡಿಮೆ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಕಾಡಂಚಿನ ರೈತರಿಂದ ಹಿಡಿದು ಸಫಾರಿಗೆ ಹೋಗುವವರವರೆಗೆ ಎಲ್ಲರೂ ತೆಗೆಯುವ ಚಿತ್ರಗಳಲ್ಲಿ ಒಂದು ಪಾಲಾದರೂ ಸಂರಕ್ಷಣೆಯ ಕೆಲಸಕ್ಕೆ ಒದಗಬೇಕಾದರೆ ಏನು ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಬುಡದಿಂದ ನೋಡೋಣ.

ಫೋಟೊ ಬೇರೆ, ದಾಖಲೆ ಬೇರೆ

ಒಂದು ಚಿತ್ರವನ್ನು ವಿಜ್ಞಾನಿಯೋ ಅರಣ್ಯಾಧಿಕಾರಿಯೋ ಬಳಸಬೇಕಾದರೆ ಅವರು ಕೇಳುವುದು ನಾಲ್ಕೇ ಪ್ರಶ್ನೆ. ಇದು ಯಾವ ಜೀವಿ? ಎಲ್ಲಿ ಕಂಡಿತು? ಯಾವಾಗ ಕಂಡಿತು? ಚಿತ್ರ ಯಾರು, ಹೇಗೆ ತೆಗೆದರು? ನಾಲ್ಕರಲ್ಲಿ ಒಂದಕ್ಕೆ ಉತ್ತರ ಇಲ್ಲದಿದ್ದರೂ ಚಿತ್ರದ ಉಪಯೋಗ ಅರ್ಧಕ್ಕಿಳಿಯುತ್ತದೆ. ಜಾಗ, ದಿನಾಂಕ ಎರಡೂ ಗೊತ್ತಿಲ್ಲದಿದ್ದರೆ ಅದು ಗೋಡೆಗೆ ಹಾಕಲು ಚೆಂದ, ಅಷ್ಟೆ.

ಈ ಉತ್ತರಗಳಲ್ಲಿ ಬಹುಪಾಲು ಕ್ಯಾಮೆರಾವೇ ಬರೆದಿಟ್ಟಿರುತ್ತದೆ. ಡಿಜಿಟಲ್ ಫೋಟೊದ ಫೈಲಿನೊಳಗೆ ಚಿತ್ರದ ಜೊತೆ ಕಣ್ಣಿಗೆ ಕಾಣದ ಒಂದು ಮಾಹಿತಿ ಪಟ್ಟಿಯೂ ಇರುತ್ತದೆ. ತೆಗೆದ ದಿನ, ಗಂಟೆ, ನಿಮಿಷ, ಕ್ಯಾಮೆರಾ ಮಾದರಿ, ಲೆನ್ಸು, ಲೊಕೇಶನ್ ಆಯ್ಕೆ ಆನ್ ಇರುವ ಮೊಬೈಲ್ ಆದರೆ ಅಕ್ಷಾಂಶ-ರೇಖಾಂಶ. ಇದನ್ನು ಎಕ್ಸಿಫ್ ಎನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಫೋಟೊ ಕಳಿಸಿದರೆ ಈ ಪಟ್ಟಿ ಅಳಿಸಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಸ್ಕ್ರೀನ್‌ಶಾಟ್‌ನಲ್ಲಂತೂ ಮೂಲದ ಮಾಹಿತಿ ಏನೂ ಉಳಿಯುವುದಿಲ್ಲ. ಅದೇ ಫೋಟೊವನ್ನು ‘ಡಾಕ್ಯುಮೆಂಟ್’ ಆಯ್ಕೆ ಒತ್ತಿ ಕಳಿಸಿದರೆ, ಅಥವಾ ಇಮೇಲ್‌ನಲ್ಲಿ ಮೂಲ ಗಾತ್ರದಲ್ಲೇ ಕಳಿಸಿದರೆ ಎಲ್ಲವೂ ಉಳಿಯುತ್ತದೆ. ಅರಣ್ಯ ಇಲಾಖೆಗೆ ಏನಾದರೂ ಕಳಿಸುವಾಗ ಇದೊಂದನ್ನು ಮರೆಯಬಾರದು.

ಮೊಬೈಲ್‌ನಲ್ಲಿ ಗಡಿಯಾರ ತಾನಾಗಿ ಸರಿಯಿರುತ್ತದೆ. ದೊಡ್ಡ ಕ್ಯಾಮೆರಾಗಳಲ್ಲಿ ಹಾಗಲ್ಲ. ಬಹಳ ದಿನ ಬ್ಯಾಟರಿ ಇಲ್ಲದೆ ಬಿಟ್ಟರೆ ದಿನಾಂಕ ಹಿಂದಕ್ಕೆ ಹೋಗಿ ನಿಲ್ಲುತ್ತದೆ, ಹೊರದೇಶಕ್ಕೆ ಹೋಗಿ ಬಂದವರ ಕ್ಯಾಮೆರಾದಲ್ಲಿ ಅಲ್ಲಿನ ಸಮಯವೇ ಉಳಿದಿರುತ್ತದೆ. ಕಾಡಿಗೆ ಹೊರಡುವ ಬೆಳಿಗ್ಗೆ ಮೊಬೈಲಿನ ಗಡಿಯಾರದ ಒಂದು ಫೋಟೊವನ್ನು ಆ ಕ್ಯಾಮೆರಾದಲ್ಲಿ ತೆಗೆದಿಟ್ಟುಕೊಂಡರೆ, ಎಷ್ಟು ನಿಮಿಷದ ವ್ಯತ್ಯಾಸವಿದೆ ಎಂದು ಆಮೇಲೆ ಲೆಕ್ಕ ಹಾಕಬಹುದು. ಜಿಪಿಎಸ್ ಇಲ್ಲದ ಕ್ಯಾಮೆರಾ ಆದರೆ, ಪ್ರಾಣಿಯ ಚಿತ್ರ ಸಿಕ್ಕ ಕೂಡಲೇ ಅಲ್ಲೇ ನಿಂತು ಮೊಬೈಲ್‌ನಲ್ಲೂ ಒಂದು ಫೋಟೊ ತೆಗೆಯಿರಿ. ಜಾಗದ ಲೆಕ್ಕ ಅದರಲ್ಲಿ ಇರುತ್ತದೆ.

ಅಕ್ಷಾಂಶ-ರೇಖಾಂಶವನ್ನು ಕೈಯಲ್ಲಿ ಬರೆಯುವುದಾದರೆ ದಶಮಾಂಶ ಬಿಂದುವಿನ ನಂತರ ಎಷ್ಟು ಅಂಕಿ ಬರೆಯುತ್ತೀರಿ ಎಂಬುದು ಮುಖ್ಯ. ಒಂದೇ ಅಂಕಿ ಬರೆದರೆ ಸುಮಾರು 11 ಕಿ.ಮೀ. ಆಚೀಚೆ ಆಗಬಹುದು. ಎರಡು ಅಂಕಿಗೆ ಸುಮಾರು 1.1 ಕಿ.ಮೀ., ನಾಲ್ಕಕ್ಕೆ ಸುಮಾರು 11 ಮೀಟರ್. ರಸ್ತೆಯಲ್ಲಿ ಸತ್ತುಬಿದ್ದ ಪ್ರಾಣಿಯ ಜಾಗಕ್ಕೆ ನಾಲ್ಕು ಅಂಕಿ ಬೇಕೇ ಬೇಕು. ರಸ್ತೆಯ ಯಾವ ತಿರುವಿನಲ್ಲಿ ಪ್ರಾಣಿಗಳು ಮತ್ತೆ ಮತ್ತೆ ಸಾಯುತ್ತಿವೆ ಎಂದು ತಿಳಿದರೆ ತಾನೇ ಅಲ್ಲಿ ರಸ್ತೆಯುಬ್ಬು ಹಾಕಿಸಲು ಕೇಳಬಹುದು?

ಇನ್ನು ಚಿತ್ರ ತಿದ್ದುವ ವಿಚಾರ. ಬೆಳಕು ಹೆಚ್ಚುಕಡಿಮೆ ಮಾಡುವುದು, ಅಂಚು ಕತ್ತರಿಸುವುದು ತಪ್ಪಲ್ಲ, ಮೂಲ ಫೈಲನ್ನು ಮುಟ್ಟದೆ ಇಟ್ಟುಕೊಂಡಿದ್ದರೆ ಸಾಕು. ಆದರೆ ಮಸುಕು ಚಿತ್ರವನ್ನು ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳಿಗೆ ಹಾಕಿ ‘ಚೊಕ್ಕ’ ಮಾಡುವುದು ಅಪಾಯ. ಅವು ಇಲ್ಲದ ಗರಿಯ ಗೆರೆಗಳನ್ನು, ಇಲ್ಲದ ಪಟ್ಟೆಗಳನ್ನು ಊಹಿಸಿ ತುಂಬುತ್ತವೆ. ಒಂದಕ್ಕೊಂದು ಹತ್ತಿರದ ಎರಡು ಹದ್ದುಗಳನ್ನು ಬೇರ್ಪಡಿಸುವುದೇ ಆ ಗೆರೆಗಳಾದರೆ, ಚಿತ್ರ ಚೆಂದವಾಗಿ ಸುಳ್ಳು ಹೇಳುತ್ತದೆ. ಮಸುಕಾಗಿದ್ದರೂ ಮೂಲವೇ ವಾಸಿ.

ಪಟ್ಟೆ ನೋಡಿ ಹುಲಿ ಎಣಿಸುವುದು

ಛಾಯಾಚಿತ್ರ ಸಂರಕ್ಷಣೆಯ ದಿಕ್ಕನ್ನೇ ಬದಲಿಸಿದ ಕಥೆ ಕರ್ನಾಟಕದ ನಾಗರಹೊಳೆಗೆ ಸೇರಿದ್ದು, ಅದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಮೊದಲು ನಮ್ಮಲ್ಲಿ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ಗುರುತಿನಿಂದ. ಗಾಜಿನ ಮೇಲೆ ಹೆಜ್ಜೆಯ ಅಂಚನ್ನು ಬರೆದುಕೊಂಡು, ಇದು ಈ ಹುಲಿಯದು, ಅದು ಆ ಹುಲಿಯದು ಎಂದು ಗುರುತಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಥರ, ಕೆಸರಿನಲ್ಲಿ ಇನ್ನೊಂದು ಥರ ಮೂಡುತ್ತದೆ. ಹಾಗಾಗಿ ಲೆಕ್ಕ ನಂಬುವಂತಿರಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2005ರ ಹೊತ್ತಿಗೆ ನೋಡಿದರೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ.

ಪ್ರತಿ ಹುಲಿಯ ಪಟ್ಟೆಯೂ ಬೇರೆ ಬೇರೆ. ಇದನ್ನು 1920ರ ದಶಕದಲ್ಲೇ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್, ಉತ್ತರ ಭಾರತದ ಕಾಡುದಾರಿಗಳಲ್ಲಿ ತಂತಿ ಕಟ್ಟಿ, ಹುಲಿ ತುಳಿದಾಗ ತಾನಾಗಿ ಚಿತ್ರ ಬೀಳುವಂತೆ ಮಾಡಿ ಗಮನಿಸಿದ್ದರು. ಆದರೆ ಪಟ್ಟೆಯಿಂದ ಗುರುತಿಸುವುದನ್ನು ಒಂದು ಲೆಕ್ಕದ ವಿಧಾನವಾಗಿ ಮಾಡಿದ್ದು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು, 1990ರ ದಶಕದಲ್ಲಿ, ನಾಗರಹೊಳೆಯಲ್ಲಿ. ಆಗ ಇದ್ದದ್ದು ಫಿಲ್ಮ್ ರೋಲಿನ ಕ್ಯಾಮೆರಾ. ಜಿಂಕೆ, ಹಂದಿ, ದಾರಿಹೋಕರ ಚಿತ್ರವೇ ಬಿದ್ದು ರೋಲು ಮುಗಿದುಹೋದರೆ ಆಮೇಲೆ ಬಂದ ಹುಲಿಯ ಚಿತ್ರ ಇಲ್ಲ. 1995ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಇವತ್ತು ಜಗತ್ತಿನ ಹಲವು ಕಡೆ ಹುಲಿ, ಚಿರತೆ, ಜಾಗ್ವಾರ್, ಹಿಮಚಿರತೆಗಳನ್ನು ಎಣಿಸುವುದಕ್ಕೆ ಬಳಸುವುದು ಇದರದೇ ಮುಂದುವರಿದ ರೂಪವನ್ನು.

ಕಂಡ ಹುಲಿಗಳನ್ನು ಎಣಿಸುವುದು ಸರಿ, ಕಾಣದೆ ಉಳಿದವನ್ನು ಎಣಿಸುವುದು ಹೇಗೆ? ಒಂದು ಡಬ್ಬಿ ತುಂಬ ಅವರೆಕಾಳು ಇದೆ ಎಂದುಕೊಳ್ಳಿ, ಎಷ್ಟಿದೆ ಗೊತ್ತಿಲ್ಲ. ಅದರಿಂದ 50 ಕಾಳು ತೆಗೆದು ಶಾಯಿ ಹಚ್ಚಿ ಮತ್ತೆ ಡಬ್ಬಿಗೆ ಹಾಕಿ ಚೆನ್ನಾಗಿ ಕಲಸಿ. ಈಗ ಕಣ್ಣುಮುಚ್ಚಿ 60 ಕಾಳು ತೆಗೆಯಿರಿ. ಅದರಲ್ಲಿ 12ಕ್ಕೆ ಶಾಯಿ ಇದ್ದರೆ, ತೆಗೆದ ಕಾಳಿನಲ್ಲಿ ಐದರಲ್ಲಿ ಒಂದು ಪಾಲು ಶಾಯಿಯದು ಎಂದಾಯಿತು. ಡಬ್ಬಿಯಲ್ಲೂ ಅದೇ ಪ್ರಮಾಣ ಇರಬೇಕು. 50 ಎನ್ನುವುದು ಐದರಲ್ಲಿ ಒಂದು ಪಾಲಾದರೆ ಒಟ್ಟು ಕಾಳು ಸುಮಾರು 250. ಹುಲಿಗೆ ಶಾಯಿ ಹಚ್ಚಬೇಕಿಲ್ಲ, ಪಟ್ಟೆಯೇ ಅದರ ಗುರುತು. ಮೊದಲ ವಾರ ಯಾವ ಯಾವ ಹುಲಿ ಬಂದವು, ಎರಡನೆಯ ವಾರ ಅವುಗಳಲ್ಲಿ ಎಷ್ಟು ಮತ್ತೆ ಬಂದವು, ಹೊಸವು ಎಷ್ಟು ಎಂದು ನೋಡುತ್ತ ಹೋದರೆ ಕ್ಯಾಮೆರಾಕ್ಕೆ ಸಿಗದೆ ಉಳಿದವು ಎಷ್ಟಿರಬಹುದೆಂಬ ಅಂದಾಜು ಸಿಗುತ್ತದೆ. ಈಗಿನ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಯಾವ ಹುಲಿ ಯಾವ ಯಾವ ಕ್ಯಾಮೆರಾದಲ್ಲಿ ಸಿಕ್ಕಿತು ಎಂಬ ಜಾಗದ ವಿವರವನ್ನೂ ಅದು ಸೇರಿಸಿಕೊಳ್ಳುತ್ತದೆ.

2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶದಾದ್ಯಂತ ಹುಲಿ ಅಂದಾಜು ನಡೆಯುತ್ತದೆ. 2018ರ ಸುತ್ತಿನಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಬಿದ್ದ ಚಿತ್ರಗಳು 3,48,58,623. ಅದರಲ್ಲಿ ಹುಲಿಯದು 76,651, ಚಿರತೆಯದು 51,777. ಉಳಿದದ್ದೆಲ್ಲ ಬೇರೆ ಪ್ರಾಣಿ, ದನ, ಮನುಷ್ಯರು, ಗಾಳಿಗೆ ಅಲ್ಲಾಡಿದ ಹುಲ್ಲು. ಇಷ್ಟನ್ನು ಕಣ್ಣಿನಿಂದಲೇ ನೋಡಿ ಮುಗಿಸಲಾಗದು, ಚಿತ್ರದಲ್ಲಿ ಯಾವ ಪ್ರಾಣಿಯಿದೆ ಎಂದು ವಿಂಗಡಿಸಲು ಒಂದು ತಂತ್ರಾಂಶ, ಪಟ್ಟೆ ಹೋಲಿಸಲು ಇನ್ನೊಂದು ಬೇಕಾಯಿತು. ಕೊನೆಗೆ ಒಂದು ವರ್ಷ ಮೀರಿದ 2,461 ಹುಲಿಗಳನ್ನು ಒಂದೊಂದಾಗಿ ಗುರುತಿಸಿದರು. ಅಂದಾಜು ಸಂಖ್ಯೆ 2,967. ಅಂದರೆ ನೂರಕ್ಕೆ 83ರಷ್ಟು ಹುಲಿಗಳ ‘ಮುಖಪರಿಚಯ’ವೇ ಆಗಿತ್ತು. 2022ರ ಸುತ್ತಿನಲ್ಲಿ ದೇಶದ ಅಂದಾಜು 3,682ಕ್ಕೆ ಏರಿತು, ಕರ್ನಾಟಕದ್ದು 563.

ಹೀಗೆ ಸೇರಿದ ಚಿತ್ರಗಳ ಭಂಡಾರಕ್ಕೆ ಎಣಿಕೆಯಾಚೆಗೂ ಉಪಯೋಗಗಳಿವೆ. ಬಂಡೀಪುರದಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ್ದ ಹುಲಿಯೊಂದನ್ನು 2011ರಲ್ಲಿ ಶಿಕಾರಿಪುರದ ಹತ್ತಿರ ಸೆರೆಹಿಡಿದಾಗ, ಪಟ್ಟೆ ತಾಳೆ ನೋಡಿ ಅದು ಬಂಡೀಪುರದ್ದೇ ಎಂದು ಗೊತ್ತಾಯಿತು. ನಡುವಿನ ದೂರ ಸುಮಾರು 280 ಕಿ.ಮೀ. ಕಾಡುಗಳ ನಡುವಿನ ಓಡಾಟದ ದಾರಿಗಳು ಇನ್ನೂ ಜೀವಂತವಾಗಿವೆ ಎಂದು ವಾದಿಸುವವರಿಗೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ಕಳ್ಳಬೇಟೆಗಾರರಿಂದ ಜಪ್ತಾದ ಚರ್ಮದ ಪಟ್ಟೆಯನ್ನು ಇದೇ ಭಂಡಾರದ ಜೊತೆ ಹೋಲಿಸಿ, ಸತ್ತದ್ದು ಯಾವ ಕಾಡಿನ ಹುಲಿ ಎಂದೂ ಹೇಳಬಹುದು.

ಕ್ಯಾಮೆರಾ ಟ್ರ್ಯಾಪ್ ಕಟ್ಟುವಾಗ ಎಲ್ಲಿ ಕೆಡುತ್ತದೆ

ಕ್ಯಾಮೆರಾ ಟ್ರ್ಯಾಪ್ ಎಂದರೆ ಮಳೆ ತಡೆಯುವ ಪೆಟ್ಟಿಗೆಯೊಳಗೆ ಕೂತ ಕ್ಯಾಮೆರಾ. ಅದರ ಮುಂದಿನ ಸೆನ್ಸರ್ ಶಾಖದ ಬದಲಾವಣೆಯನ್ನು ಗಮನಿಸುತ್ತಿರುತ್ತದೆ. ಹಿನ್ನೆಲೆಗಿಂತ ಬಿಸಿಯಾದ ಮೈಯೊಂದು ಅಡ್ಡ ಹಾದರೆ ಕ್ಲಿಕ್ಕಿಸುತ್ತದೆ. ಅದರ ಬಹುತೇಕ ತೊಂದರೆಗಳ ಮೂಲವೂ ಇಲ್ಲೇ ಇದೆ. ಏಪ್ರಿಲ್ ಮಧ್ಯಾಹ್ನ ನೆಲವೇ ಪ್ರಾಣಿಯ ಮೈಯಷ್ಟು ಬಿಸಿಯಾದಾಗ ಸೆನ್ಸರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಪ್ರಾಣಿ ಹಾದುಹೋದರೂ ಚಿತ್ರ ಬೀಳುವುದಿಲ್ಲ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದರೆ ಸಾವಿರಾರು ಖಾಲಿ ಚಿತ್ರಗಳು ಬಿದ್ದು ಬ್ಯಾಟರಿ ಮುಗಿಯುತ್ತದೆ. ಆದ್ದರಿಂದ ಕ್ಯಾಮೆರಾ ಮುಂದಿನ ಹುಲ್ಲನ್ನು, ಜೋತುಬಿದ್ದ ಬಳ್ಳಿಯನ್ನು ಸವರುವುದು ಮೊದಲ ಕೆಲಸ. ಪೂರ್ವಕ್ಕೋ ಪಶ್ಚಿಮಕ್ಕೋ ನೇರ ಮುಖಮಾಡಿ ಕಟ್ಟಿದರೆ ಬೆಳಗಿನ, ಸಂಜೆಯ ಬಿಸಿಲು ಲೆನ್ಸಿಗೆ ಹೊಡೆಯುತ್ತದೆ. ಹುಲಿ ಹೆಚ್ಚಾಗಿ ಓಡಾಡುವುದೂ ಆ ಹೊತ್ತಿನಲ್ಲೇ.

ಹುಲಿಗೆ ಕ್ಯಾಮೆರಾ ಕಟ್ಟುವ ಎತ್ತರ ಮನುಷ್ಯನ ಮೊಣಕಾಲಿನಷ್ಟು, ಸುಮಾರು 40ರಿಂದ 45 ಸೆಂ.ಮೀ. ಎತ್ತರ ಹೆಚ್ಚಾದರೆ ಬೆನ್ನು ಮಾತ್ರ ಬರುತ್ತದೆ, ಪಕ್ಕೆಯ ಪಟ್ಟೆ ಸಿಗುವುದಿಲ್ಲ. ದಾರಿಯ ನಡುವಿನಿಂದ ಮೂರು ನಾಲ್ಕು ಮೀಟರ್ ದೂರ ಇರಬೇಕು. ತೀರಾ ಹತ್ತಿರವಾದರೆ ದೇಹದ ಒಂದು ತುಂಡು ಮಾತ್ರ ಬರುತ್ತದೆ, ರಾತ್ರಿಯ ಫ್ಲ್ಯಾಶಿಗೆ ಮೈ ಬೆಳ್ಳಗೆ ಸುಟ್ಟುಹೋಗುತ್ತದೆ. ಕ್ಯಾಮೆರಾ ಯಾವಾಗಲೂ ಜೋಡಿಯಾಗಿ, ದಾರಿಯ ಎರಡೂ ಬದಿ. ಹುಲಿಯ ಎಡಪಕ್ಕೆಯ ಪಟ್ಟೆಗೂ ಬಲಪಕ್ಕೆಯ ಪಟ್ಟೆಗೂ ಹೋಲಿಕೆಯಿಲ್ಲ. ಒಂದೇ ಕಡೆ ಕ್ಯಾಮೆರಾ ಇಟ್ಟರೆ ಇವತ್ತು ಎಡಪಕ್ಕೆ ತೋರಿಸಿದ ಹುಲಿ, ನಾಳೆ ಬಲಪಕ್ಕೆ ತೋರಿಸಿದಾಗ ಎರಡನೇ ಹುಲಿಯಾಗಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಜೋಡಿ ಕ್ಯಾಮೆರಾಗಳು ಎದುರುಬದುರು ಒಂದೇ ನೇರಕ್ಕೆ ಇದ್ದರೆ ಒಂದರ ಫ್ಲ್ಯಾಶು ಇನ್ನೊಂದರ ಚಿತ್ರವನ್ನು ಕೆಡಿಸುತ್ತದೆ. ಹಾಗಾಗಿ ತುಸು ಓರೆಯಾಗಿ ಕಟ್ಟುತ್ತಾರೆ.

ಕೊನೆಯ ಪರೀಕ್ಷೆಯನ್ನು ಮನುಷ್ಯರೇ ಮಾಡಬೇಕು. ಕಟ್ಟಿದ ಮೇಲೆ ಒಬ್ಬರು ಅಂಬೆಗಾಲಿಕ್ಕಿಕೊಂಡು ದಾರಿಯಲ್ಲಿ ಹಾದು, ಚಿತ್ರ ಬಿತ್ತೇ, ಇಡೀ ದೇಹ ಬಂತೇ ಎಂದು ನೋಡುತ್ತಾರೆ. ಇಷ್ಟೆಲ್ಲ ಮಾಡಿಯೂ ಆನೆ ಬಂದು ಪೆಟ್ಟಿಗೆ ಕಿತ್ತು ತುಳಿಯಬಹುದು, ಇರುವೆ ಗೂಡು ಕಟ್ಟಬಹುದು, ಯಾರೋ ಕದ್ದೊಯ್ಯಬಹುದು. ಎಲ್ಲಕ್ಕಿಂತ ಹೆಚ್ಚು ತಲೆನೋವು ಕೊಡುವುದು ಬ್ಯಾಟರಿ ಬದಲಿಸಿದಾಗ ಹಿಂದಕ್ಕೆ ಹೋಗುವ ದಿನಾಂಕ. ಅದಕ್ಕೇ ಪ್ರತಿಸಲ ಬ್ಯಾಟರಿ ಬದಲಿಸಿದ ಕೂಡಲೇ ಒಂದು ಸ್ಲೇಟಿನ ಮೇಲೆ ಜಾಗದ ಸಂಖ್ಯೆ, ದಿನಾಂಕ, ಸಮಯ ಬರೆದು ಕ್ಯಾಮೆರಾದ ಮುಂದೆ ಹಿಡಿಯುವುದು ರೂಢಿ.

ಹುಲಿಗಾಗಿ ಇಟ್ಟ ಕ್ಯಾಮೆರಾದಲ್ಲಿ ಸಿಗುವ ಬೇರೆ ಜೀವಿಗಳೂ ಕಡಿಮೆ ಬೆಲೆಯವಲ್ಲ. ಹೆಚ್ಚಾಗಿ ರಾತ್ರಿ ಓಡಾಡುವ ತರಕರಡಿ, ಚಿಪ್ಪುಹಂದಿಯಂಥವು ಒಂದು ಕಾಡಿನಲ್ಲಿ ಇವೆಯೋ ಇಲ್ಲವೋ ಎಂಬ ಪ್ರಶ್ನೆಗೆ ಎಷ್ಟೋ ಕಡೆ ಉತ್ತರ ಸಿಕ್ಕಿರುವುದೇ ಹೀಗೆ.

ಒಂದು ಎಚ್ಚರಿಕೆ: ಅರಣ್ಯದೊಳಗೆ ಅನುಮತಿಯಿಲ್ಲದೆ ಕ್ಯಾಮೆರಾ ಟ್ರ್ಯಾಪ್ ಕಟ್ಟುವಂತಿಲ್ಲ. ಸ್ವಂತ ತೋಟದಲ್ಲಿ ಕಟ್ಟುವುದಾದರೂ ಕೂಲಿಗೆ ಬರುವವರಿಗೆ, ಅಕ್ಕಪಕ್ಕದವರಿಗೆ ಮೊದಲೇ ಹೇಳಿ. ಕಾಡಂಚಿನಲ್ಲಿ ಸೌದೆಗೋ ಬಹಿರ್ದೆಸೆಗೋ ಹೋಗುವ ಹೆಂಗಸರ ಚಿತ್ರ ಬೀಳುವುದು ಸಣ್ಣ ವಿಷಯವಲ್ಲ. ಮನುಷ್ಯರ ಚಿತ್ರಗಳನ್ನು ಅಳಿಸುವುದು ಕಟ್ಟಿದವರ ಹೊಣೆ.

ನಿಮ್ಮ ಫೋಟೊ ಎಲ್ಲಿಗೆ ಹೋಗಬೇಕು

ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಚಿತ್ರ ಎರಡು ದಿನದಲ್ಲಿ ಕೆಳಗೆ ಸರಿದುಹೋಗುತ್ತದೆ. ಒಮ್ಮೊಮ್ಮೆ ಅದೃಷ್ಟ ಖುಲಾಯಿಸುವುದುಂಟು. ಹಿಮಾಚಲ ಪ್ರದೇಶದ ಚಂಬಾ ಜಿಲ್ಲೆಯ ವಿದ್ಯಾರ್ಥಿಯೊಬ್ಬರು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದ ಹಾವಿನ ಚಿತ್ರ ಬೆಂಗಳೂರಿನಲ್ಲಿದ್ದ ಸಂಶೋಧಕರ ಕಣ್ಣಿಗೆ ಬಿದ್ದು, 2021ರಲ್ಲಿ ಅದನ್ನು ಹೊಸ ಪ್ರಭೇದವೆಂದು ಹೆಸರಿಸಲಾಯಿತು. ಆದರೆ ಅದೃಷ್ಟವನ್ನು ನೆಚ್ಚಿಕೊಳ್ಳುವುದಕ್ಕಿಂತ, ಚಿತ್ರಗಳನ್ನು ಹುಡುಕಲೆಂದೇ ಸಂಶೋಧಕರು ಬರುವ ಕಡೆ ಹಾಕುವುದು ಮೇಲು.

ಐನ್ಯಾಚುರಲಿಸ್ಟ್ ಎಂಬ ಜಾಲತಾಣ ಅಂಥದ್ದು. ಗಿಡ, ಕೀಟ, ಕಪ್ಪೆ, ಹಾವು, ಪ್ರಾಣಿ ಯಾವುದಾದರೂ ಸರಿ. ದಿನಾಂಕ, ಜಾಗ, ಚಿತ್ರ ಇದ್ದು, ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಪ್ರಭೇದವೆಂದು ಒಪ್ಪಿದರೆ ಅದು ‘ಸಂಶೋಧನಾ ದರ್ಜೆ’ಗೆ ಏರುತ್ತದೆ. ಬಳಕೆಗೆ ಮುಕ್ತ ಪರವಾನಗಿ ಕೊಟ್ಟಿದ್ದರೆ ಅಲ್ಲಿಂದ ಜಾಗತಿಕ ಜೀವವೈವಿಧ್ಯ ಭಂಡಾರಕ್ಕೂ ಹೋಗುತ್ತದೆ. ‘ಎಲ್ಲ ಹಕ್ಕು ಕಾದಿರಿಸಿದೆ’ ಎಂದು ಗುರುತು ಹಾಕಿದರೆ ಅಲ್ಲಿಗೆ ಹೋಗುವುದಿಲ್ಲ, ಇದು ಹಲವರಿಗೆ ಗೊತ್ತಿಲ್ಲ. ವಾಣಿಜ್ಯೇತರ ಬಳಕೆಗೆ ಮಾತ್ರ ಅನುಮತಿ ಎಂಬ ಆಯ್ಕೆಯಿದೆ, ಚಿತ್ರ ಮಾರಿ ಬದುಕುವವರಿಗೂ ಅದು ಹೊಂದುತ್ತದೆ. ಹಕ್ಕಿಗಳಿಗೆ ಇಬರ್ಡ್ ಇದೆ. ಅಲ್ಲಿ ಬೇಕಾದದ್ದು ಒಂದು ಹಕ್ಕಿಯ ಚಿತ್ರಕ್ಕಿಂತ ಆ ಹೊತ್ತಿನಲ್ಲಿ ಕಂಡ ಎಲ್ಲ ಹಕ್ಕಿಗಳ ಪಟ್ಟಿ. ಅಪರೂಪದ್ದಕ್ಕೆ ಚಿತ್ರ ಪುರಾವೆ. 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ನಿಂತಿರುವುದು ಹೀಗೆ ಸುಮಾರು 30,000 ಹಕ್ಕಿವೀಕ್ಷಕರು ದಾಖಲಿಸಿದ 3 ಕೋಟಿ ದಾಖಲೆಗಳ ಮೇಲೆ. 942 ಪ್ರಭೇದಗಳನ್ನು ತೂಗಿ ನೋಡಿದ ಆ ವರದಿ 178 ಹಕ್ಕಿಗಳಿಗೆ ತುರ್ತು ಗಮನ ಬೇಕೆಂದಿತು.

ಗುರುತಿಸಲು ಬೇಕಾದ ಕೋನ ಸ್ಪರ್ಧೆಗೆ ಕಳಿಸುವ ಕೋನವಲ್ಲ. ಮರದ ಚಿತ್ರಕ್ಕೆ ಎಲೆಯ ಮೇಲ್ಭಾಗ, ಅಡಿ, ತೊಗಟೆ, ಹೂವೋ ಕಾಯೋ ಬೇಕು. ಹಾರುವ ಹದ್ದಿಗೆ ರೆಕ್ಕೆಯ ಅಡಿಭಾಗ, ಏರೋಪ್ಲೇನ್ ಚಿಟ್ಟೆಗೆ ಬಾಲದ ತುದಿ. ಆನೆಯಾದರೆ ಎರಡೂ ಕಿವಿಯ ಅಂಚಿನ ಹರಕು, ದಂತದ ಬಾಗು, ಬಾಲದ ಕೂದಲು. ಇವುಗಳಿಂದಲೇ ಒಂದೊಂದು ಆನೆಯನ್ನು ಗುರುತಿಸುವುದು. ಹೆಜ್ಜೆ ಗುರುತನ್ನು ನೆತ್ತಿಯ ಮೇಲಿನಿಂದ ನೇರವಾಗಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಬೇಕು. ಅಳತೆಪಟ್ಟಿ ಇಲ್ಲದಿದ್ದರೆ 10 ರೂಪಾಯಿಯ ನಾಣ್ಯ ಸಾಕು, ಅದರ ಅಡ್ಡಳತೆ 27 ಮಿ.ಮೀ. ಓರೆಯಾಗಿ ತೆಗೆದರೆ ಉದ್ದ ಅಗಲ ಎರಡೂ ಕೆಡುತ್ತವೆ. ಎಳೆಬಿಸಿಲು ಪಕ್ಕದಿಂದ ಬೀಳುವಾಗ ಉಗುರಿನ ಗುರುತೂ ಕಾಣುತ್ತದೆ. ಚಿರತೆಯ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರು ಮೂಡುವುದಿಲ್ಲ, ನಾಯಿಯದರಲ್ಲಿ ಮೂಡುತ್ತದೆ. ಊರಿನ ಎಷ್ಟೋ ‘ಚಿರತೆ ಹೆಜ್ಜೆ’ಗಳ ಗಾಬರಿ ಇಷ್ಟರಿಂದಲೇ ಇಳಿದೀತು.

ಜಾಗ ಮುಚ್ಚಿಡಬೇಕಾದ ಜೀವಿಗಳು

ಜಾಗದ ವಿವರ ಇಲ್ಲದೆ ಚಿತ್ರಕ್ಕೆ ಬೆಲೆಯಿಲ್ಲ ಎಂದಾಯಿತು. ಅದೇ ವಿವರ ಎಲ್ಲರಿಗೂ ಸಿಕ್ಕರೆ ಜೀವಿಗೆ ಕುತ್ತು. ಚಿಪ್ಪುಹಂದಿ, ನಕ್ಷತ್ರ ಆಮೆ, ಕಾಡುಪಾಪಗಳಿಗೆ ಕಳ್ಳಸಾಗಣೆಯ ಭಯ. ಗೂಡಿನಲ್ಲಿರುವ ಹಕ್ಕಿಗೆ ಕ್ಯಾಮೆರಾ ಹಿಡಿದವರ ದಂಡಿನ ಭಯ.

ಪರಿಹಾರ ಸುಲಭ. ನಿಖರವಾದ ಜಾಗ ಭಂಡಾರಕ್ಕೆ, ಅಂದಾಜು ಜಾಗ ಸಾರ್ವಜನಿಕರಿಗೆ. ಐನ್ಯಾಚುರಲಿಸ್ಟ್ ಅಳಿವಿನಂಚಿನ ಜೀವಿಗಳ ಜಾಗವನ್ನು ತಾನಾಗಿ ಮಸುಕು ಮಾಡುತ್ತದೆ. ಒಂದೊಂದು ಬದಿ ಸುಮಾರು 22 ಕಿ.ಮೀ. ಇರುವ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ಇಡುತ್ತದೆ, ನಿಜವಾದ ಜಾಗ ಒಳಗೆ ಭದ್ರವಾಗಿರುತ್ತದೆ. ಆದರೆ ಅದೇ ಚಿತ್ರವನ್ನು ಫೇಸ್‌ಬುಕ್‌ನಲ್ಲಿ ಹಾಕಿ ಕೆರೆಯ ಹೆಸರು ಬರೆದರೆ ಈ ಏರ್ಪಾಡೆಲ್ಲ ವ್ಯರ್ಥ. ಅಲ್ಲಿ ಜಿಲ್ಲೆಯ ಹೆಸರಿಗಿಂತ ಹೆಚ್ಚು ಬರೆಯಬೇಡಿ, ಹಿನ್ನೆಲೆಯಲ್ಲಿ ಗುಡಿ, ಗೋಪುರ, ಗಾಳಿಯಂತ್ರ ಕಾಣುತ್ತಿದ್ದರೆ ಆ ಭಾಗ ಕತ್ತರಿಸಿ. ಗೂಡಿನ ಚಿತ್ರವನ್ನು ಮರಿಗಳು ಹಾರಿಹೋದ ಮೇಲೆ ಹಾಕಿದರೆ ಯಾರಿಗೂ ನಷ್ಟವಿಲ್ಲ.

ಒಂದು ಚಿತ್ರಕ್ಕೆ ಪ್ರಾಣಿ ತೆರುವ ಬೆಲೆ

ದಾಂಡೇಲಿಯ ಮಂಗಟ್ಟೆಗಳನ್ನೇ ತೆಗೆದುಕೊಳ್ಳಿ. ಮೊಟ್ಟೆ ಇಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಅದಕ್ಕೂ ಆಮೇಲೆ ಮರಿಗೂ ಹಣ್ಣು ತಂದುಕೊಡುವುದು ಗಂಡು. ಪೊಟರೆಯ ಕೆಳಗೆ ಜನ ನಿಂತಿದ್ದರೆ ಗಂಡು ದೂರದ ಮರದಲ್ಲೇ ಕೂತು ಕಾಯುತ್ತದೆ, ಒಮ್ಮೊಮ್ಮೆ ಹಿಂದಿರುಗಿಬಿಡುತ್ತದೆ. ಫೋಟೊ ತೆಗೆಯುವವರಿಗೆ ಅದು ಅರ್ಧ ಗಂಟೆಯ ಕಾಯುವಿಕೆ, ಒಳಗಿರುವವಕ್ಕೆ ತಪ್ಪಿದ ಒಂದು ಊಟ. ದಿನವೂ ಹೊಸ ಹೊಸ ಗುಂಪು ಬಂದರೆ?

ಬಯಲಿನಲ್ಲಿ ಮೊಟ್ಟೆಯಿಡುವ ಟಿಟ್ಟಿಭದ ಕಷ್ಟ ಬೇರೆ. ಅದು ಎದ್ದುಹೋದರೆ ಮೊಟ್ಟೆ ನೇರ ಬಿಸಿಲಿಗೆ ಬೀಳುತ್ತದೆ, ಬೇಸಿಗೆಯ ನೆಲದ ಮೇಲೆ ಸ್ವಲ್ಪ ಹೊತ್ತೂ ಹೆಚ್ಚೇ. ಗೂಡು ಚೆನ್ನಾಗಿ ಕಾಣಲೆಂದು ಅಡ್ಡ ಬಂದ ರೆಂಬೆ ಸವರಿದರೆ ಅದು ಕಾಗೆಗೂ ಕೆಂಬೂತಕ್ಕೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಮಳೆಗಾಲದಲ್ಲಿ ಆಗುಂಬೆಯ ಕಡೆ ಕಪ್ಪೆಗಳನ್ನು ಎತ್ತಿ ಚೆಂದದ ಎಲೆಯ ಮೇಲೆ ಕೂರಿಸಿ ತೆಗೆಯುವ ಚಾಳಿಯಿದೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಕೈಗೆ ಹಚ್ಚಿದ ಸೊಳ್ಳೆ ಮುಲಾಮು ಆ ಚರ್ಮದ ಮೂಲಕ ನೇರ ಒಳಗಿಳಿಯುತ್ತದೆ, ಒಂದರಿಂದ ಇನ್ನೊಂದಕ್ಕೆ ಶಿಲೀಂಧ್ರ ರೋಗವೂ ದಾಟಬಹುದು. ಹಕ್ಕಿಯ ಕೂಗನ್ನು ಮೊಬೈಲ್‌ನಲ್ಲಿ ಹಾಕಿ ಕರೆಯುವುದು, ಗೂಬೆಗೆ ಇಲಿ ಇಟ್ಟು ಎರಗುವಂತೆ ಮಾಡುವುದು, ಕಾಡುಪಾಪದ ಕಣ್ಣಿಗೆ ಮತ್ತೆ ಮತ್ತೆ ಫ್ಲ್ಯಾಶ್ ಹೊಡೆಯುವುದು ಯಾವುದೂ ಸಂರಕ್ಷಣೆಯ ಚಿತ್ರವಾಗಲಾರದು.

ಪ್ರಾಣಿ ಮೇಯುವುದನ್ನೋ ಮರಿಗೆ ಉಣಿಸುವುದನ್ನೋ ನಿಲ್ಲಿಸಿ ನಿಮ್ಮತ್ತ ನೋಡಿದರೆ ನೀವು ಆಗಲೇ ಹತ್ತಿರವಾಗಿದ್ದೀರಿ. ಹಕ್ಕಿ ಒಂದೇ ಸಮನೆ ಕೂಗುತ್ತ ಸುತ್ತು ಹಾರುತ್ತಿದ್ದರೆ, ಆನೆ ಕಿವಿ ಅಗಲಿಸಿ ನಿಂತರೆ, ಹಿಂದೆ ಸರಿಯಬೇಕು, ಲೆನ್ಸು ಬದಲಿಸುತ್ತ ನಿಲ್ಲಬಾರದು.

ಕಾನೂನು, ಸಾಕ್ಷ್ಯ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆ ವಿಶಾಲವಾಗಿದೆ. ಕಾಡುಹಕ್ಕಿ, ಸರೀಸೃಪಗಳ ಮೊಟ್ಟೆ ಕೆಡಿಸುವುದು ಮಾತ್ರವಲ್ಲ, ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದೂ ಅದರೊಳಗೆ ಬರುತ್ತದೆ. ವನ್ಯಧಾಮದೊಳಗೆ ಛಾಯಾಗ್ರಹಣಕ್ಕೆ ಪ್ರವೇಶಿಸಲು 28ನೇ ಕಲಮಿನಡಿ ಅನುಮತಿ ಬೇಕು.

ಕಾಡಂಚಿನಲ್ಲಿ ಉರುಳೋ, ಕರೆಂಟು ಹಾಯಿಸಿದ ತಂತಿಯೋ, ಸತ್ತ ಪ್ರಾಣಿಯೋ ಕಂಡರೆ ಮುಟ್ಟಬೇಡಿ. ಮೂರು ದೂರದಿಂದ ತೆಗೆಯಿರಿ: ಸುತ್ತಲಿನ ಮರ, ಬಂಡೆ, ಬೇಲಿ ಕಾಣುವಂತೆ ಒಂದು, ವಸ್ತು ಪೂರ್ತಿ ಕಾಣುವಂತೆ ಒಂದು, ಪಕ್ಕದಲ್ಲಿ ಅಳತೆ ಇಟ್ಟು ಹತ್ತಿರದಿಂದ ಒಂದು. ಆಮೇಲೆ ವಲಯ ಅರಣ್ಯಾಧಿಕಾರಿಗೋ 1926 ಸಹಾಯವಾಣಿಗೋ ತಿಳಿಸಿ. ಅವರು ಬಂದು ಮಹಜರು ಮಾಡುವವರೆಗೆ ಜಾಲತಾಣಕ್ಕೆ ಹಾಕಬೇಡಿ, ಹಾಕಿದರೆ ಉರುಳು ಇಟ್ಟವನಿಗೇ ಮೊದಲು ಸುದ್ದಿ ಮುಟ್ಟುತ್ತದೆ.

ನ್ಯಾಯಾಲಯದಲ್ಲಿ ಡಿಜಿಟಲ್ ಚಿತ್ರ ನಿಲ್ಲಬೇಕಾದರೆ ಅದು ತಿದ್ದಿದ್ದಲ್ಲ ಎಂದು ತೋರಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇದಕ್ಕೊಂದು ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ‘ಹ್ಯಾಶ್’ ನಮೂದಿಸಬೇಕು. ಹ್ಯಾಶ್ ಎಂದರೆ ಇಡೀ ಫೈಲನ್ನು ಲೆಕ್ಕಕ್ಕೆ ಹಾಕಿ ಕಂಪ್ಯೂಟರ್ ಕೊಡುವ ಅಂಕಿ-ಅಕ್ಷರಗಳ ಉದ್ದ ಸಾಲು. ಚಿತ್ರದ ಒಂದೇ ಒಂದು ಚುಕ್ಕೆ ಬದಲಾದರೂ ಆ ಸಾಲು ಪೂರಾ ಬದಲಾಗುತ್ತದೆ. ಹಾಗಾಗಿ ಮೂಲ ಫೈಲು ಇರುವ ಮೊಬೈಲನ್ನೋ ಕಾರ್ಡನ್ನೋ ಅಳಿಸದೆ ಇಟ್ಟುಕೊಳ್ಳುವುದು, ಪ್ರತಿ ಮಾಡಿದ ದಿನವನ್ನು ಬರೆದಿಡುವುದು ಚಿತ್ರ ತೆಗೆದವರ ಕೆಲಸ.

ಒಂದೇ ಜಾಗ, ವರ್ಷ ವರ್ಷವೂ

ಪ್ರಾಣಿಯೇ ಇಲ್ಲದ ಚಿತ್ರವೂ ದೊಡ್ಡ ಸಾಕ್ಷಿ. ಬೆಳ್ಳಂದೂರು ಕೆರೆಯ ನೊರೆ, ಬೆಂಕಿಯ ಚಿತ್ರಗಳು ಸುದ್ದಿಯಾದ ಮೇಲೆ, 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಬೆಂಕಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆರೆಯಂಗಳಕ್ಕೆ ವರ್ಷಕ್ಕೆ ನಾಲ್ಕು ಲಾರಿಯಂತೆ ಬೀಳುವ ಮಣ್ಣು, ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲ್ಲನ್ನು ನುಂಗುತ್ತ ಬಂದ ಲಂಟಾನ, ಇವು ಒಂದೇ ಚಿತ್ರದಲ್ಲಿ ಕಾಣುವುದಿಲ್ಲ. ಅದಕ್ಕೆ ಒಂದೇ ಜಾಗವನ್ನು ವರ್ಷ ವರ್ಷವೂ ತೆಗೆಯಬೇಕು.

ಇದಕ್ಕೆ ದುಬಾರಿ ಸಾಮಾನು ಯಾವುದೂ ಬೇಡ. ಬದಲಾಗದ ಒಂದು ನಿಲುಗಡೆ ಆರಿಸಿ, ಬಂಡೆಯೋ ತೂಬಿನ ಕಲ್ಲೋ ಸೇತುವೆಯ ಮೂಲೆಯೋ. ಅದರ ಅಕ್ಷಾಂಶ-ರೇಖಾಂಶ ಬರೆದುಕೊಳ್ಳಿ. ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರಲಿ, ಯಾವ ದಿಕ್ಕಿಗೆ ಎಷ್ಟು ಡಿಗ್ರಿ ಎಂದು ದಿಕ್ಸೂಚಿ ನೋಡಿ ಬರೆಯಿರಿ, ಜೂಮ್ ಮಾಡದೆ ಒಂದೇ ಲೆನ್ಸಿನಲ್ಲಿ ತೆಗೆಯಿರಿ. ಕಳೆದ ವರ್ಷದ ಚಿತ್ರದ ಪ್ರಿಂಟು ಕೈಯಲ್ಲಿದ್ದರೆ ದೂರದ ಗುಡ್ಡದ ತುದಿಗೂ ಹತ್ತಿರದ ಮರಕ್ಕೂ ಇರುವ ಅಂತರ ನೋಡಿ ನಿಂತ ಜಾಗ ಸರಿಯೇ ಎಂದು ತಾಳೆ ಹಾಕಬಹುದು. ಅದೇ ತಿಂಗಳು, ಹೆಚ್ಚುಕಡಿಮೆ ಅದೇ ಹೊತ್ತು. ಒಂದು ವರ್ಷ ಜನವರಿಯಲ್ಲೂ ಮರುವರ್ಷ ಆಗಸ್ಟ್‌ನಲ್ಲೂ ತೆಗೆದರೆ ಕೆರೆ ತುಂಬಿದ್ದು ಮಳೆಯಿಂದಲೋ ಹೂಳು ತೆಗೆದದ್ದರಿಂದಲೋ ಹೇಳಲಾಗದು. ಫೈಲಿನ ಹೆಸರು ವರ್ಷ, ತಿಂಗಳು, ದಿನ, ಆಮೇಲೆ ಜಾಗ ಎಂಬ ಕ್ರಮದಲ್ಲಿರಲಿ, ಕಂಪ್ಯೂಟರಿನಲ್ಲಿ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಎರಡು ಪ್ರತಿ ಬೇರೆ ಬೇರೆ ಕಡೆ ಇಡಿ, ಒಂದನ್ನು ಊರಿನ ಶಾಲೆಗೋ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೋ ಕೊಡಿ. ನೀವು ಊರು ಬಿಟ್ಟರೂ ಮುಂದಿನವರು ಅದೇ ಕಲ್ಲಿನ ಮೇಲೆ ನಿಂತು ಮುಂದಿನ ಚಿತ್ರ ತೆಗೆಯಬಹುದು.